ಕಾಯಿಲೆಯ ಲೆಕ್ಕಕ್ಕೆ ಸಿಗದವರು

ಗಂಡಸನ್ನೇ ಪ್ರೀತಿಸುವ ಗಂಡಸು ಗುಂಜಹಳ್ಳಿಯಂಥ ಸಣ್ಣ ಊರಲ್ಲೂ ಇದ್ದಾನೆ ಎಂದು ಸರ್ಕಾರ ಒಪ್ಪಿಕೊಂಡದ್ದು ಎಚ್‌ಐವಿ ಬಂದ ಮೇಲೆ. ಅದಕ್ಕೆ ಮುಂಚೆ ಅವನು ಬೀಳುತ್ತಿದ್ದದ್ದು ಪೊಲೀಸರ ಕಣ್ಣಿಗೆ ಮಾತ್ರ. ಕಾಯಿಲೆಯ ನೆಪದಲ್ಲಿ ಸಿಕ್ಕ ಈ ಗುರುತು ಸಾಕೇ? ಸಾಲದು ಎನ್ನುವುದು ನನ್ನ ವಾದ.

ಆ ನೆಪದಲ್ಲಿ ನಡೆದ ಕೆಲಸ ಸಣ್ಣದಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಐವಿ ಕೆಲಸದ ಸಂಸ್ಥೆ ಸಂರಕ್ಷ, ಕೊಪ್ಪಳ, ರಾಯಚೂರಿನ ಕಡೆಗೂ ಬಂತು. 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುವ ಸಂಗಮ ಹುಟ್ಟಿತು. ಸಂಜೆ ಬಸ್ ಸ್ಟ್ಯಾಂಡಿನ ಹಿಂದೆ ನಿಂತವರ ಜೊತೆ ಮಾತು ತೆಗೆಯುವುದು, ಕಾಂಡೋಮ್ ಕೊಡುವುದು, ರಕ್ತಪರೀಕ್ಷೆಯ ಸಾಲಿನಲ್ಲಿ ಜೊತೆಗೆ ನಿಲ್ಲುವುದು, ಮನೆಯವರ ಬಲವಂತಕ್ಕೆ ಮದುವೆಯಾದವನನ್ನು ಹೆಂಡತಿಗೂ ಪರೀಕ್ಷೆ ಮಾಡಿಸುವಂತೆ ಒಪ್ಪಿಸುವುದು – ಇವೆಲ್ಲ ಆ ಬದುಕು ಬಾಳಿದವರಿಂದಷ್ಟೇ ಆಗುವ ಕೆಲಸ. ಇಂಥ ಕೆಲಸ ಮಾಡಿದ್ದಕ್ಕೆ 2001ರಲ್ಲಿ ಲಖನೌದ ಕಾರ್ಯಕರ್ತರನ್ನು ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನಡಿ ಜೈಲಿಗೆ ಹಾಕಿದರು. ಆ ಕಲಮು ಎಚ್‌ಐವಿ ತಡೆಗೆ ಅಡ್ಡಿ ಎಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ 2006ರಲ್ಲಿ ದೆಹಲಿ ಹೈಕೋರ್ಟಿಗೆ ಹೇಳಿತು. ಅದರ ಹಿಡಿತ ಕೊನೆಗೂ ಸಡಿಲಿದ್ದು 2018ರ ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟಿನ ತೀರ್ಪಿನಿಂದ.

ಆದರೆ ಹೆಣ್ಣನ್ನು ಪ್ರೀತಿಸುವ ಹೆಣ್ಣು? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1983ರಲ್ಲಿ ಇಂಥ ಹೆಂಗಸರು ಸಾಲುಗಟ್ಟಿ ರಕ್ತ ಕೊಟ್ಟರು, ರೋಗ ಬಂದ ಗಂಡಸರಿಗಾಗಿ. ಅಲ್ಲಿ ಒಡನಾಟ ಮೊದಲು ಹುಟ್ಟಿತು, ಅನುದಾನ ಆಮೇಲೆ ಬಂತು. ನಮ್ಮಲ್ಲಿ ಬಹುತೇಕ ಕಡೆ ಮೊದಲು ಬಂದದ್ದು ಯೋಜನೆ. ಅದರ ಪಟ್ಟಿಯಲ್ಲಿ ಲೈಂಗಿಕ ಕಾರ್ಯಕರ್ತೆಯರಿದ್ದರು, ಗಂಡಸರಿದ್ದರು, ಮಂಗಳಮುಖಿಯರಿದ್ದರು. ಸೋಂಕಿನ ಅಪಾಯ ಕಡಿಮೆ ಎಂಬ ಕಾರಣಕ್ಕೆ ಈ ಹೆಂಗಸರಿಗೆ ಅಲ್ಲಿ ಜಾಗವೇ ಇರಲಿಲ್ಲ.

ರೋಗಕ್ಕೆಂದು ಬಂದ ದುಡ್ಡು ರೋಗಕ್ಕೇ ಹೋಗಬೇಕಲ್ಲವೇ ಎನ್ನುವವರಿದ್ದಾರೆ. ಹೋಗಲಿ. ಆದರೆ ರೋಗವನ್ನು ಬಚ್ಚಿಡುವಂತೆ ಮಾಡಿದ ಭಯ, ಮನಸ್ಸಿಲ್ಲದ ಮದುವೆಗೆ ಹುಡುಗಿಯನ್ನು ದೂಡುವ ಭಯ, ಎರಡೂ ಒಂದೇ ಮನೆಯದು. ಆ ಮನೆಯನ್ನು ಮುಟ್ಟದೆ ಬರೀ ಕಾಂಡೋಮ್ ಎಣಿಸಿದರೆ ಸೋಂಕು ಇಳಿದೀತು. ಭಯ ಇದ್ದಲ್ಲೇ ಇರುತ್ತದೆ.

ರಾಯಚೂರು ಜಿಲ್ಲೆಯ ದೇವದುರ್ಗದಿಂದಲೋ ಮಾನ್ವಿಯಿಂದಲೋ ಇಬ್ಬರು ಹುಡುಗಿಯರು ಮನೆ ಬಿಟ್ಟರೆನ್ನಿ. ಮನೆಯವರು ಕಾಣೆಯಾದ ದೂರು ಕೊಡುತ್ತಾರೆ, ಪೊಲೀಸರು ಹುಡುಕಿ ತರುತ್ತಾರೆ. ಇಬ್ಬರೂ ವಯಸ್ಸಿಗೆ ಬಂದವರು, ಯಾರೊಂದಿಗೆ ಇರಬೇಕೆಂದು ಅವರೇ ಹೇಳಬಹುದು ಎಂದು ಆ ಠಾಣೆಯ ಬೆಂಚಿನ ಮೇಲೆ ಅವರ ಪಕ್ಕ ಕೂತು ಹೇಳಲು ಒಬ್ಬರಾದರೂ ಬೇಕು. ಅವರಿಗೊಂದು ಸಂಬಳ, ಆ ರಾತ್ರಿ ಹುಡುಗಿಯರಿಗೆ ಮಲಗಲು ಒಂದು ಕೋಣೆ. ಇಷ್ಟನ್ನು ಜಿಲ್ಲಾಡಳಿತ ಈ ವರ್ಷದ ಬಜೆಟ್ಟಿನಲ್ಲೇ, ಎಚ್‌ಐವಿಯ ಹೆಸರೆತ್ತದೆ, ಕೊಡಬೇಕು.