ಬೇತಾಳನ ಕಂತುಗಳು

ಕಿರುತೆರೆಯ ಕಥೆಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಒಂದೇ ಮನೆಯ, ಒಂದೇ ಪಾತ್ರಸಮೂಹದ ಕಥೆಯನ್ನು ನೂರಾರು ಕಂತುಗಳವರೆಗೆ ನಡೆಸಿಕೊಂಡು ಹೋಗುವುದು ಮೊದಲನೆಯದು. ಪ್ರತಿ ಕಂತಿನಲ್ಲೂ ಹೊಸ ಪಾತ್ರ, ಹೊಸ ಊರು, ಹೊಸ ಸಂಕಟವನ್ನು ತಂದು, ಆ ಕಂತು ಮುಗಿಯುವಷ್ಟರಲ್ಲಿ ಕಥೆಯನ್ನೂ ಮುಗಿಸಿಬಿಡುವುದು ಎರಡನೆಯದು. ಈ ಎರಡನೆಯ ಬಗೆಯನ್ನು ಕಥಾಗುಚ್ಛ ಸರಣಿ ಎಂದು ಕರೆಯಬಹುದು. ಇಲ್ಲಿ ಕಂತುಗಳನ್ನು ಒಟ್ಟಿಗೆ ಹಿಡಿದಿಡುವುದು ಪಾತ್ರಗಳ ನಂಟಲ್ಲ, ಎಲ್ಲ ಕಥೆಗಳಿಗೂ ಸಮಾನವಾದ ಒಂದು ಲೋಕ ಅಥವಾ ಒಂದು ಚೌಕಟ್ಟು. ಅಮೆರಿಕದ ಎ.ಎಂ.ಸಿ. ವಾಹಿನಿ 2022ರ ಆಗಸ್ಟ್‌ನಲ್ಲಿ ಆರಂಭಿಸಿದ, ಆರೇ ಕಂತುಗಳ 'ಟೇಲ್ಸ್ ಆಫ್ ದ ವಾಕಿಂಗ್ ಡೆಡ್' ಇಂಥ ಒಂದು ಸರಣಿ. ಇದರ ಮೂಲವಾದ 'ದ ವಾಕಿಂಗ್ ಡೆಡ್' 2010ರಿಂದ 2022ರವರೆಗೆ ಹನ್ನೊಂದು ಆವೃತ್ತಿಗಳಲ್ಲಿ 177 ಕಂತುಗಳಷ್ಟು ಬೆಳೆದ ಮಹಾಧಾರಾವಾಹಿ. ಸತ್ತವರು ಜಾಂಬಿಗಳಾಗಿ, ಅಂದರೆ ಬುದ್ಧಿಯೂ ನೆನಪೂ ಇಲ್ಲದೆ ಹಸಿವೊಂದೇ ಉಳಿದ ನಡೆದಾಡುವ ಹೆಣಗಳಾಗಿ, ಬದುಕಿರುವವರ ಮೇಲೆ ಬೀಳುವ ಲೋಕ ಎರಡಕ್ಕೂ ಸಮಾನ. ಆದರೆ ಎರಡರಲ್ಲೂ ಭಯ ಹುಟ್ಟುವ ಬಗೆ ಒಂದೇ ಅಲ್ಲ.

ಸ್ಕಾಟ್ ಗಿಂಪಲ್ ಮತ್ತು ಚಾನಿಂಗ್ ಪವೆಲ್ ರೂಪಿಸಿದ ಈ ಆರು ಕಂತುಗಳಲ್ಲಿ ಒಂದು, ನೆಲಮಾಳಿಗೆಯಲ್ಲಿ ನಾಯಿಯೊಂದನ್ನೇ ಜೊತೆಗಿಟ್ಟುಕೊಂಡು ಪಿಡುಗನ್ನು ದಾಟಿದ ಒಂಟಿ ಮನುಷ್ಯನು, ಆ ನಾಯಿಯೂ ಸತ್ತ ಮೇಲೆ ಇನ್ನೊಂದು ಜೀವವನ್ನು ಹುಡುಕಿಕೊಂಡು ಹೊರಡುವುದನ್ನು ಹೇಳುತ್ತದೆ. ಇನ್ನೊಂದರಲ್ಲಿ ಅಟ್ಲಾಂಟಾ ನಗರದ ವಿಮಾ ಕಚೇರಿಯೊಂದರ ಮೇಲಧಿಕಾರಿಣಿ ಮತ್ತು ಅವಳ ಕೈಕೆಳಗಿನ ಸ್ವಾಗತಕಾರಿಣಿ ಪಿಡುಗಿನ ಮೊದಲ ದಿನವೇ ಸತ್ತು, ಮತ್ತೆ ಅದೇ ದಿನಕ್ಕೆ ಕಣ್ಣುಬಿಟ್ಟು, ಒಬ್ಬರನ್ನೊಬ್ಬರು ಸಹಿಸಲಾರದ ಆ ಇಬ್ಬರೂ ಜೊತೆಯಾಗದೆ ಬಿಡುಗಡೆಯಿಲ್ಲವೆಂಬುದನ್ನು ಸಾವಿನ ಮೇಲೆ ಸಾವು ಕಂಡು ಕಲಿಯುತ್ತಾರೆ. ಮತ್ತೊಂದರಲ್ಲಿ ಪ್ರಕೃತಿವಿಜ್ಞಾನಿಯೊಬ್ಬ ಈ ಹೆಣಗಳನ್ನೇ ಹೊಸ ಪ್ರಾಣಿಜಾತಿಯೆಂಬಂತೆ ಹಿಂಬಾಲಿಸಿ, ಗುರುತುಪಟ್ಟಿ ಕಟ್ಟಿ, ಟಿಪ್ಪಣಿ ಬರೆದಿಡುತ್ತಾನೆ. ಆರರಲ್ಲಿ ಅತ್ಯಂತ ಕಲಕುವ ಕಥೆ ಇದೇ. ಮನುಷ್ಯಕುಲ ಅಳಿದ ಮೇಲೆ ಭೂಮಿ ಯಾರಿಗೆ ಸೇರಬೇಕು, ಉಳಿದಿರುವ ಕೆಲವರಿಗೆ ಅದನ್ನು ಮರಳಿ ಕೇಳುವ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಅದು ಒಂದೇ ಕಂತಿನ ಅವಧಿಯಲ್ಲಿ ಎತ್ತುತ್ತದೆ, ಮತ್ತು ನೋಡುಗರನ್ನು ಸಮಾಧಾನಪಡಿಸಲು ಎಲ್ಲೂ ಯತ್ನಿಸುವುದಿಲ್ಲ.

ಇವುಗಳ ನಡುವೆ 'ಡೀ' ಎಂಬ ಮೂರನೆಯ ಕಂತು ಮಾತ್ರ ಮೂಲ ಧಾರಾವಾಹಿಯ ಪಾತ್ರವೊಂದರ ಪೂರ್ವಕಥೆ. ಮುಂದೆ ಆಲ್ಫಾ ಎಂಬ ಕ್ರೂರ ನಾಯಕಿಯಾಗಲಿರುವ ತಾಯಿಯೂ ಅವಳ ಚಿಕ್ಕ ಮಗಳೂ ಆಶ್ರಯ ಪಡೆದ ಹಡಗಿನಲ್ಲಿ ಈ ಕಥೆ ನಡೆಯುತ್ತದೆ. ಸಮಂತಾ ಮಾರ್ಟನ್ ಅವರ ಅಭಿನಯ ಉನ್ನತ ಮಟ್ಟದ್ದು. ಆದರೂ ತಾಯಿ ಮಗಳು ಇಬ್ಬರೂ ಬದುಕಿ ಉಳಿಯುವರೆಂಬುದು ಮೂಲ ಧಾರಾವಾಹಿಯನ್ನು ಕಂಡವರಿಗೆ ಮೊದಲೇ ಗೊತ್ತಿರುವುದರಿಂದ, ಕತ್ತಿ ಕುತ್ತಿಗೆಯ ಬಳಿ ಬಂದಾಗಲೂ ಎದೆ ನಡುಗುವುದಿಲ್ಲ. ದೀರ್ಘ ಧಾರಾವಾಹಿಯ ಮೂಲ ತೊಡಕು ಇದೇ ಆಗಿದೆ. ನಾಳೆಯೂ ಬೇಕಾಗಿರುವ ಪಾತ್ರವನ್ನು ಇಂದು ಕೊಲ್ಲಲಾಗದು. ಕೊಲ್ಲಲಾಗದ ಪಾತ್ರಕ್ಕಾಗಿ ಅಂಜುವುದೂ ಆಗದು. ಒಂದೇ ಕಂತಿನ ಕಥೆಯಲ್ಲಿ ಯಾರಿಗೂ ಆ ರಕ್ಷೆ ಇರುವುದಿಲ್ಲ. ಅಂತ್ಯ ಅಲ್ಲಿ ನಿಶ್ಚಿತವಾದುದರಿಂದ, ಪಾತ್ರದ ಪ್ರತಿ ನಿರ್ಧಾರಕ್ಕೂ ತೂಕ ಬರುತ್ತದೆ.

ಇಂದಿನ ಜಾಂಬಿ ಕಥೆಗಳಿಗೆಲ್ಲ ಮೂಲವೆನಿಸಿದ ಜಾರ್ಜ್ ರೊಮೆರೊ ನಿರ್ದೇಶನದ 'ನೈಟ್ ಆಫ್ ದ ಲಿವಿಂಗ್ ಡೆಡ್' (1968) ಚಲನಚಿತ್ರವೂ ಇಂಥ ಸ್ವಯಂಪೂರ್ಣ ಕಥೆಯೇ. ತೋಟದ ಮನೆಯೊಂದರಲ್ಲಿ ಸಿಕ್ಕಿಬಿದ್ದ ಕೆಲವರ ಒಂದು ರಾತ್ರಿ, ಅಷ್ಟೇ ಅದರ ಹರಹು. ಹೆಣಗಳ ಕೈಯಿಂದ ರಾತ್ರಿಯಿಡೀ ಪಾರಾಗಿ ಉಳಿದ ನಾಯಕ ಬೆಳಿಗ್ಗೆ ನೆರವಿಗೆಂದು ಬಂದ ಜೀವಂತ ಮನುಷ್ಯರ ಗುಂಡಿಗೆ ಬಲಿಯಾಗುತ್ತಾನೆ. ಆ ಪಾತ್ರವನ್ನು ವಹಿಸಿದ ಡ್ವೇನ್ ಜೋನ್ಸ್ ಕಪ್ಪುವರ್ಣೀಯ ನಟ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ವರ್ಷದಲ್ಲೇ ತೆರೆಕಂಡ ಈ ಅಂತ್ಯದ ಅರ್ಥವನ್ನು ಯಾರೂ ಅಮೆರಿಕನ್ನರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಕ್ಕೂ ಹಿಂದೆ ಹೈತಿ ದೇಶದ ಜನಪದ ನಂಬಿಕೆಯಲ್ಲಿ ಜಾಂಬಿ ಎಂದರೆ ಮಾಂತ್ರಿಕನ ಅಂಕೆಯಲ್ಲಿ ಸತ್ತ ಮೇಲೂ ದುಡಿಯುವ ದೇಹ. ಕಬ್ಬಿನ ತೋಟಗಳ ಗುಲಾಮಗಿರಿಯನ್ನು ಅನುಭವಿಸಿದ ಜನರಿಗೆ, ಸಾವು ಕೂಡ ಬಿಡುಗಡೆ ತಾರದೆಂಬ ಕಲ್ಪನೆಗಿಂತ ಘೋರವಾದ ಮತ್ತೊಂದಿರಲು ಸಾಧ್ಯವಿರಲಿಲ್ಲ. ಹೀಗೆ ಈ ಹೆಣ ಯಾವ ಕಾಲದಲ್ಲೂ ಬರಿಯ ಹೆದರಿಕೆಯ ಗೊಂಬೆಯಾಗಿ ಬಂದಿಲ್ಲ. ಬದುಕಿರುವವರ ನಡತೆಯನ್ನು ಒರೆಗೆ ಹಚ್ಚಲು ಬಂದಿದೆ.

ಹೆಣವನ್ನು ಚೌಕಟ್ಟಾಗಿಟ್ಟು, ಒಂದರೊಡನೊಂದು ನಂಟಿಲ್ಲದ ಕಥೆಗಳನ್ನು ಹೇಳುವ ಈ ವಿಧಾನವನ್ನು ಹೊರಗಿನಿಂದ ಬಂದ ಹೊಸತೆಂದು ಹೈದರಾಬಾದಿನ ಕನ್ನಡಿಗರು ಭಾವಿಸಬೇಕಾಗಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಚಿಸಿದ 'ಕಥಾಸರಿತ್ಸಾಗರ'ದೊಳಗೆ ಬರುವ ಬೇತಾಳನ ಇಪ್ಪತ್ತೈದು ಕಥೆಗಳು ಆರಂಭವಾಗುವುದು ಗೋದಾವರಿಯ ದಡದ ಪ್ರತಿಷ್ಠಾನದಲ್ಲಿ. ಆ ಪ್ರತಿಷ್ಠಾನವೇ ಇಂದಿನ ಪೈಠಣ, ಮತ್ತು ಪೈಠಣವಿರುವ, ಆಗ ಔರಂಗಾಬಾದ್ ಎನಿಸಿದ್ದ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಬೀದರ್, ಕಲಬುರಗಿ, ರಾಯಚೂರುಗಳೊಡನೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಸೋಮದೇವ ತನ್ನ ಆಕರವೆಂದು ಹೇಳುವ 'ಬೃಹತ್ಕಥೆ'ಯನ್ನು ಗುಣಾಢ್ಯನು ಶಾತವಾಹನ ರಾಜನ ಕಾಲದಲ್ಲಿ ಪೈಶಾಚಿ ಎಂಬ ಪ್ರಾಕೃತದಲ್ಲಿ ಬರೆದನೆಂಬುದು ಐತಿಹ್ಯ. ಗಂಗರ ಅರಸ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಆಶ್ರಯದಲ್ಲಿದ್ದ ದುರ್ಗಸಿಂಹ ತನ್ನ ಕನ್ನಡ ಪಂಚತಂತ್ರದಲ್ಲಿ ಗುಣಾಢ್ಯನನ್ನು ಸ್ಮರಿಸುತ್ತಾನೆ. ಈ ನೆಲಕ್ಕೆ ಹೆಣ ಹೇಳುವ ಕಥೆಯ ಪರಿಚಯ ಬಹಳ ಹಳೆಯದು.

ಬೇತಾಳನ ಚೌಕಟ್ಟಿನ ಕಟ್ಟಡವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಭಿಕ್ಷುವಿಗೆ ಮಾತು ಕೊಟ್ಟ ರಾಜ ರಾತ್ರಿ ಸ್ಮಶಾನಕ್ಕೆ ಹೋಗಿ ಮರದಿಂದ ಹೆಣವನ್ನಿಳಿಸಿ ಹೆಗಲಿಗೇರಿಸುತ್ತಾನೆ. ಹೆಣದೊಳಗೆ ಸೇರಿದ ಬೇತಾಳ ದಾರಿ ಸಾಗಲೆಂದು ಕಥೆ ಹೇಳಿ, ಕೊನೆಗೆ ಪ್ರಶ್ನೆಯೊಂದನ್ನು ಕೇಳುತ್ತಾನೆ. ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ, ಬಾಯಿಬಿಟ್ಟರೆ ಹೆಣ ಮರಕ್ಕೆ ಮರಳುತ್ತದೆ. ಒಂದು ಕಥೆಯ ಪಾತ್ರ ಇನ್ನೊಂದು ಕಥೆಗೆ ಬರುವುದಿಲ್ಲ. ಪ್ರತಿ ಕಥೆಗೂ ಅದರದೇ ಆದ ನ್ಯಾಯಸಂಕಟವಿದೆ: ಒಬ್ಬಳನ್ನೇ ಬಯಸಿದ ಮೂವರಲ್ಲಿ ಅವಳ ಚಿತಾಭಸ್ಮವನ್ನು ಕಾದವನು ಪತಿಯೋ, ಮಂತ್ರ ಕಲಿತು ಬದುಕಿಸಿದವನು ಪತಿಯೋ, ತಲೆ ಒಬ್ಬನದು ಮುಂಡ ಇನ್ನೊಬ್ಬನದಾದಾಗ ಹೆಂಡತಿಗೆ ಗಂಡ ಯಾರು. ರಾಜ ಉತ್ತರಿಸಿದೊಡನೆ ಆ ಕಥೆ ಮುಗಿದುಹೋಗುತ್ತದೆ, ಮತ್ತೆ ಹೆಣ ಹೊರಬೇಕಾಗುತ್ತದೆ. ಉತ್ತರವಿಲ್ಲದ ಪ್ರಶ್ನೆಯೊಂದರ ಮುಂದೆ ಅವನು ನಿಜವಾಗಿಯೂ ಮೌನಿಯಾದಾಗ ಮಾತ್ರ ಬೇತಾಳ ಮೆಚ್ಚಿ, ಭಿಕ್ಷುವಿನ ಕಪಟವನ್ನು ಬಯಲುಮಾಡಿ ರಾಜನ ಪ್ರಾಣ ಉಳಿಸುತ್ತಾನೆ. ಸ್ವತಂತ್ರ ಕಂತುಗಳ ಸರಣಿಗೆ ಇದಕ್ಕಿಂತ ಬಿಗಿಯಾದ ರಚನೆಯನ್ನು ಜಗತ್ತಿನ ಯಾವ ವಾಹಿನಿಯೂ ಇನ್ನೂ ಕಂಡುಕೊಂಡಿಲ್ಲ.

ಈ ಚೌಕಟ್ಟು ಹೊಸ ಲೇಖಕರನ್ನು ಎಷ್ಟು ಉದಾರವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದಕ್ಕೆ 'ಚಂದಮಾಮ' ಸಾಕ್ಷಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿ ಮುಂದೆ ಕನ್ನಡಕ್ಕೂ ತಂದ ಆ ಮಾಸಪತ್ರಿಕೆಯಲ್ಲಿ ಮೂಲದ ಇಪ್ಪತ್ತೈದು ಕಥೆಗಳು ಮುಗಿದ ಮೇಲೂ ದಶಕಗಳ ಕಾಲ ಬೇತಾಳನ ಬಾಯಲ್ಲಿ ಹೊಸ ಕಥೆಗಳು ಹುಟ್ಟುತ್ತಲೇ ಇದ್ದವು. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆವ ರಾಜನನ್ನು ಕಲಾವಿದ ಶಂಕರ್ ಕನ್ನಡ ಮಕ್ಕಳ ಎರಡು ತಲೆಮಾರುಗಳ ಕಣ್ಣಲ್ಲಿ ನಿಲ್ಲಿಸಿದರು. 1985ರಲ್ಲಿ ರಾಮಾನಂದ ಸಾಗರ್ ಬೇತಾಳನ ಕಥೆಗಳನ್ನು ದೂರದರ್ಶನಕ್ಕೆ ತಂದರು. ಅದರ ಬೆನ್ನಿಗೇ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಭಯದ ಕಥೆಗಳ ಗುಚ್ಛವಲ್ಲವಾದರೂ, ಸಣ್ಣಕಥೆಯೊಂದನ್ನು ಒಂದೇ ಕಂತಿನಲ್ಲಿ ಪೂರ್ಣವಾಗಿ ಹೇಳುವ ಕೌಶಲ ಕನ್ನಡಿಗನ ಕೈಯಲ್ಲಿ ಎಂಥದಿತ್ತೆಂದು ದೇಶಕ್ಕೆ ತೋರಿಸಿತು.

ಹೈದರಾಬಾದಿನ ಪಾತ್ರ ಮುಂದಿನ ಘಟ್ಟದ್ದು. 1995ರಲ್ಲಿ ಇಲ್ಲಿ ಈಟಿವಿ ಆರಂಭವಾಯಿತು. ಮರುವರ್ಷ ರಾಮೋಜಿ ಫಿಲ್ಮ್ ಸಿಟಿ ತೆರೆಯಿತು. ಅದೇ ದಶಕದ ಕೊನೆಯಲ್ಲಿ ಅಚ್ಯುತ್ ಮತ್ತು ಯಮುನಾ ನಟಿಸಿದ 'ಅನ್ವೇಷಿತ' ತೆಲುಗು ಮನೆಗಳನ್ನು ರಾತ್ರಿಯ ಹೊತ್ತು ಕಟ್ಟಿಹಾಕಿತು. ಆದರೆ ಅದು ನಿಗೂಢವೊಂದನ್ನು ವಾರದಿಂದ ವಾರಕ್ಕೆ ಮುಂದೂಡುವ ಧಾರಾವಾಹಿಯೇ ಹೊರತು ಸ್ವತಂತ್ರ ಕಂತುಗಳ ಗುಚ್ಛವಾಗಿರಲಿಲ್ಲ. 2000ದ ಡಿಸೆಂಬರ್‌ನಲ್ಲಿ ಬಂದ ಈಟಿವಿ ಕನ್ನಡವೂ ಇದೇ ನಗರದ ಸಂಸ್ಥೆಯ ಕೂಸು. ಕನ್ನಡದ ಒಂದು ಪ್ರಮುಖ ವಾಹಿನಿಯ ಬೇರು ಹೈದರಾಬಾದಿನಲ್ಲಿದ್ದ ಆ ವರ್ಷಗಳಲ್ಲಿ, ಪೈಠಣದ ಬೇತಾಳನೂ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಓದುಗನೂ ಒಂದೇ ತೆರೆಯ ಮೇಲೆ ಸೇರಬಹುದಾಗಿತ್ತು. ಹಾಗೆ ಸೇರಲಿಲ್ಲ. ದಿನದಿನದ ಕೌಟುಂಬಿಕ ಧಾರಾವಾಹಿ ಎಲ್ಲ ವಾಹಿನಿಗಳಲ್ಲೂ ಹೊತ್ತನ್ನು ತುಂಬಿಕೊಂಡಿತು.

ಇದಕ್ಕೆ ಅಭಿರುಚಿಯನ್ನಷ್ಟೇ ದೂರಿದರೆ ವಿಷಯಕ್ಕೆ ನ್ಯಾಯ ದೊರೆಯದು. ದೈನಿಕ ಧಾರಾವಾಹಿಗೆ ಒಮ್ಮೆ ಹಾಕಿದ ಮನೆಯ ಸೆಟ್ ವರ್ಷಗಟ್ಟಲೆ ಸಾಕಾಗುತ್ತದೆ. ನಟರಿಗೆ ಪಾತ್ರ ಬಾಯಿಪಾಠವಾಗಿರುತ್ತದೆ. ನೋಡುಗರು ಇಂದು ತಪ್ಪಿಸಿಕೊಂಡರೂ ನಾಳೆ ಬಂದು ಸೇರಿಕೊಳ್ಳುತ್ತಾರೆ. ಒಂದೇ ಕಂತಿನ ಕಥೆಗೆ ಪ್ರತಿಬಾರಿಯೂ ಹೊಸ ತಾಣ, ಹೊಸ ನಟವರ್ಗ, ಹೊಸ ಉಡುಪು ಬೇಕು. ಅದು ಜಾಂಬಿ ಕಥೆಯಾದರೆ ಪ್ರತಿ ಹೆಣದ ಮುಖಕ್ಕೂ ಗಂಟೆಗಟ್ಟಲೆ ನಡೆಯುವ ಕೃತಕಚರ್ಮದ ಪ್ರಸಾಧನ ಬೇಕು. ಜಾಹೀರಾತುದಾರನಿಗೆ ಬೇಕಾಗಿರುವುದು ನೋಡುಗರ ಅಭ್ಯಾಸ. ಗುಚ್ಛ ಸರಣಿ ಕಟ್ಟುವುದು ಅಭ್ಯಾಸವನ್ನಲ್ಲ, ನಂಬಿಕೆಯನ್ನು. ಆದರೆ ಚಂದಾ ಹಣದಿಂದ ನಡೆಯುವ ಓಟಿಟಿ ವೇದಿಕೆಗಳು ಬಂದ ಮೇಲೆ ಈ ಲೆಕ್ಕ ಬದಲಾಗಿದೆ. ಹೈದರಾಬಾದಿನ ನಿರ್ದೇಶಕರಾದ ನಂದಿನಿ ರೆಡ್ಡಿ, ತರುಣ್ ಭಾಸ್ಕರ್, ನಾಗ್ ಅಶ್ವಿನ್, ಸಂಕಲ್ಪ್ ರೆಡ್ಡಿ ಅವರ ನಾಲ್ಕು ಕಥೆಗಳ 'ಪಿಟ್ಟ ಕಥಲು' 2021ರ ಫೆಬ್ರುವರಿಯಲ್ಲಿ ಇಂಥ ವೇದಿಕೆಯೊಂದರಲ್ಲೇ ಬಂತು.

ಅದೇ ತಿಂಗಳು ಪ್ರಶಾಂತ್ ವರ್ಮ ನಿರ್ದೇಶನದ 'ಜಾಂಬಿ ರೆಡ್ಡಿ' ಚಿತ್ರಮಂದಿರಗಳಿಗೆ ಬಂದದ್ದೂ ಗಮನಾರ್ಹ. ಗೆಳೆಯನ ಮದುವೆಗೆಂದು ಕರ್ನೂಲು ಸೀಮೆಗೆ ಹೊರಟ ನಗರದ ಯುವಕರು, ವೈರಾಣುವಿನಿಂದ ಹೆಣಗಳಾಗುವ ಊರಿನವರು, ಅದರ ನಡುವೆ ಎರಡು ಮನೆತನಗಳ ಹಗೆ: ಇದು ಅದರ ಹಂದರ. ರಾಯಲಸೀಮೆಯ ಫ್ಯಾಕ್ಷನ್ ಎಂದರೆ ತಲೆಮಾರುಗಳಿಂದ ಬಂದ ಮನೆತನದ ವೈರ, ಕೊಂದವನ ಮಗನನ್ನು ಸತ್ತವನ ಮಗ ಕೊಲ್ಲುವ ಸರಪಳಿ. ಆದವಾನಿ, ಮಂತ್ರಾಲಯಗಳ ಕಡೆಯ ಕನ್ನಡಿಗರಿಗೂ ಬಳ್ಳಾರಿಯವರಿಗೂ ಅದು ನೆರೆಮನೆಯ ಸುದ್ದಿ. ನೆನಪೇ ಇಲ್ಲದೆ ಕಚ್ಚುವ ಹೆಣಗಳನ್ನು, ಏನನ್ನೂ ಮರೆಯದೆ ಕಡಿಯುವ ಮನುಷ್ಯರ ಎದುರು ನಿಲ್ಲಿಸಿದ್ದು ಈ ಚಿತ್ರದ ನಿಜವಾದ ಶೋಧ, ಮತ್ತು ಅದು ಅಮೆರಿಕದಿಂದ ಎರವಲು ತರಲಾಗದ ಶೋಧ. ಹಾಸ್ಯ, ಹಾಡು, ನಾಯಕನ ಪರಾಕ್ರಮಗಳಿಗೆ ಎಡೆಮಾಡಿಕೊಡಬೇಕಾದ ಪೂರ್ಣ ಪ್ರಮಾಣದ ಚಿತ್ರದಲ್ಲಿ ಆ ವಿಚಾರ ಅಲ್ಲಲ್ಲಿ ಮಿಂಚಿ ಮರೆಯಾಗುತ್ತದೆ. ಒಂದು ಗಂಟೆಯ ಸ್ವತಂತ್ರ ಕಂತಾಗಿದ್ದರೆ ಅದು ಕೊನೆಯವರೆಗೂ ಉರಿಯುತ್ತಿತ್ತು.

ಈ ನಗರದ ಚರಿತ್ರೆಯಲ್ಲಿ ಅಂಥ ಕಂತುಗಳಿಗೆ ವಸ್ತುವಿನ ಕೊರತೆಯಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಾಗ, ಅಫ್ಜಲ್‌ಗಂಜ್‌ನ ಹುಣಸೆಮರವೊಂದನ್ನೇರಿ ನೂರೈವತ್ತರಷ್ಟು ಮಂದಿ ಜೀವ ಉಳಿಸಿಕೊಂಡರೆನ್ನುತ್ತಾರೆ. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಇಂದಿಗೂ ಇದೆ. ಕೊಂಬೆಯಲ್ಲಿ ಜಾಗವಿರುವುದು ಇಷ್ಟೇ ಜನಕ್ಕೆ, ಕೆಳಗೆ ನೀರಿನಲ್ಲಿ ತೇಲಿ ಬರುತ್ತಿರುವವರಲ್ಲಿ ಸತ್ತವರಾರು, ಬದುಕಿರುವವರಾರು ಎಂದು ಕತ್ತಲಲ್ಲಿ ತಿಳಿಯದು, ಚಾಚಿದ ಕೈಯನ್ನು ಹಿಡಿಯಬೇಕೋ ಬಿಡಬೇಕೋ ಎಂಬ ನಿರ್ಧಾರಕ್ಕೆ ಕ್ಷಣಮಾತ್ರ ಅವಕಾಶ. ಬೇತಾಳ ರಾಜನಿಗೆ ಕೇಳುತ್ತಿದ್ದುದು ಇಂಥ ಪ್ರಶ್ನೆಗಳನ್ನೇ. ಮರವೂ ಹೆಣವೂ ಪ್ರಶ್ನೆಯೂ ಇಲ್ಲಿ ಸಿದ್ಧವಾಗಿವೆ. ಇದಕ್ಕೆ ನಾಯಕನ ಎರಡನೆಯ ಅವತಾರವಾಗಲಿ, ಮುಂದಿನ ಆವೃತ್ತಿಯ ಸುಳಿವಾಗಲಿ ಬೇಡ.

ಕನ್ನಡದ ಸಣ್ಣಕಥೆ ನೂರು ವರ್ಷಗಳಿಂದ ಸಾಧಿಸಿಕೊಂಡು ಬಂದ ವಿದ್ಯೆ ಇದೇ: ಕೆಲವೇ ಪುಟಗಳಲ್ಲಿ ಒಂದು ಜೀವವನ್ನು ಕಡೆಯ ತೀರ್ಮಾನದವರೆಗೆ ಕರೆತಂದು ನಿಲ್ಲಿಸುವುದು. ಆ ವಿದ್ಯೆಯುಳ್ಳವರನ್ನು ಕಿರುತೆರೆ ದಿನಕ್ಕೊಂದು ಕಂತಿನ ಸಂಭಾಷಣೆ ಬರೆಯಲು ಕೂರಿಸಿರುವುದು ನಷ್ಟದ ವ್ಯವಹಾರ. ವೇದಿಕೆಗಳನ್ನು ನಡೆಸುವವರು ಕನ್ನಡದಲ್ಲಿ ಭಯದ ಕಥಾಗುಚ್ಛವೊಂದನ್ನು ಕೈಗೊಳ್ಳುವುದಾದರೆ, ಪ್ರತಿ ಕಂತಿಗೂ ಪ್ರತ್ಯೇಕ ಕಥೆಗಾರನನ್ನು ಆರಿಸಿ, ಕಥೆಯ ಹಕ್ಕನ್ನೂ ಹೆಸರನ್ನೂ ಅವನಿಗೆ ಕೊಟ್ಟು, ಪಾತ್ರಗಳನ್ನು ಮುಂದಿನ ಕಂತಿಗೆ ಉಳಿಸಿಕೊಡೆಂಬ ಕರಾರನ್ನು ಮಾತ್ರ ಒಪ್ಪಂದದಿಂದ ತೆಗೆದುಹಾಕುವುದು ಮೊದಲ ಕೆಲಸವಾಗಬೇಕು.