ಕಡತದ ಪಯಣಕ್ಕೆ ಕಾವಲು

ಮಕ್ಕಳ ಅಂಕಪಟ್ಟಿಯನ್ನೂ ಜನನ ಪ್ರಮಾಣಪತ್ರವನ್ನೂ ಪೋಷಕರು ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡುತ್ತಾರೆ. ಅವುಗಳ ಪ್ರತಿಗಳೇ ವಿದ್ಯಾರ್ಥಿವೇತನದ ಅರ್ಜಿಯೊಡನೆ ಅಕ್ಷಯ ಕೇಂದ್ರದ ಕಂಪ್ಯೂಟರಿನಿಂದ ಹೊರಟ ಮೇಲೆ ಅವುಗಳ ಕಾವಲು ಯಾರದು?

ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಕಡತ ಕಳುಹಿಸುವ ‘ಎಫ್‌ಟಿಪಿ’ ಎಂಬ ನಿಯಮಾವಳಿಯನ್ನು 1971ರಲ್ಲಿ ಮೊದಲು ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಅಂದಿನ ಜಾಲದಲ್ಲಿದ್ದವು ಕೆಲವೇ ಸಂಶೋಧನಾ ಕೇಂದ್ರಗಳು. ಕಡತವೂ ಪಾಸ್‌ವರ್ಡೂ ಅಂಚೆ ಕಾರ್ಡಿನ ಬರಹದಂತೆ ತೆರೆದೇ ಸಾಗುತ್ತಿದ್ದವು. ಜಾಲವು ಜಗದಗಲಕ್ಕೆ ಹಬ್ಬಿದ ಬಳಿಕ ಆ ವಿಶ್ವಾಸ ಸಾಲದಾಯಿತು.

ಇಂದು ಬ್ಯಾಂಕುಗಳೂ ಸರಕಾರಿ ಇಲಾಖೆಗಳೂ ಈ ಕೆಲಸಕ್ಕೆಂದೇ ರೂಪಿಸಿದ ಸುರಕ್ಷಿತ ರವಾನೆಯ ತಂತ್ರಾಂಶಗಳನ್ನು ಬಳಸುತ್ತವೆ. ರಿಜಿಸ್ಟರ್ಡ್ ಅಂಚೆಯನ್ನು ಬಲ್ಲವರಿಗೆ ಇದರ ರೀತಿ ಹೊಸದೆನಿಸದು. ಕಡತವು ದಾರಿಯಲ್ಲಿಯೂ ದಾಸ್ತಾನಿನಲ್ಲಿಯೂ ಗೂಢಲಿಪಿಯಲ್ಲಿರುತ್ತದೆ. ಹೊರಟ ಕಡತವೇ ಒಂದಕ್ಷರವೂ ಬದಲಾಗದೆ ತಲುಪಿತೇ ಎಂಬುದನ್ನು ಗಣಿತದ ಸೂತ್ರದಿಂದ ತಾಳೆ ನೋಡಲಾಗುತ್ತದೆ. ನಡುವೆ ಸಂಪರ್ಕ ಕಡಿದರೆ ನಿಂತಲ್ಲಿಂದಲೇ ರವಾನೆ ಮುಂದುವರಿಯುತ್ತದೆ. ಯಾರು, ಯಾವಾಗ, ಯಾವ ಕಡತವನ್ನು ತೆರೆದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಅವಧಿ ಮುಗಿದ ಕಡತವನ್ನು ತಾನಾಗಿ ಅಳಿಸುವ ಏರ್ಪಾಡೂ ಉಂಟು.

ಆದರೆ ಬೀಗ ಎಷ್ಟೇ ಭದ್ರವಾಗಿದ್ದರೂ ಗೋಡೆಯಲ್ಲಿ ಬಿರುಕಿದ್ದರೆ ಫಲವೇನು? 2023ರ ಮೇ ಕೊನೆಯಲ್ಲಿ ‘ಮೂವ್‌ಇಟ್’ ಎಂಬ ಇಂತಹುದೇ ತಂತ್ರಾಂಶದಲ್ಲಿ ಒಂದು ಲೋಪವನ್ನು ಕಳ್ಳರು ಕಂಡುಕೊಂಡಿದ್ದರು. ಮಾಹಿತಿ ತುಂಬಬೇಕಾದೆಡೆ ಆಜ್ಞೆಗಳನ್ನು ತುಂಬಿ, ದಾಸ್ತಾನಿನ ಬಾಗಿಲನ್ನೇ ತೆರೆಸಿದರು. ತಯಾರಕರು ಲೋಪವನ್ನು ಪ್ರಕಟಿಸಿ ತಿದ್ದುಪಡಿ ನೀಡಿದ್ದು ಮೇ 31ರಂದು. ಅಷ್ಟರಲ್ಲಿ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಿತ್ತು. ಬಿಬಿಸಿ, ಬ್ರಿಟಿಷ್ ಏರ್‌ವೇಸ್ ನೌಕರರ ವಿವರಗಳಲ್ಲದೆ, ನ್ಯೂಯಾರ್ಕ್ ನಗರದ ಶಾಲೆಗಳ ಸುಮಾರು 45,000 ವಿದ್ಯಾರ್ಥಿಗಳ ಮಾಹಿತಿಯೂ ಕಳ್ಳರ ಕೈಸೇರಿತು.

ಹೀಗೆ ಕಳವಾದವು ಸರ್ವರಿನಲ್ಲಿ ಉಳಿದಿದ್ದ ಕಡತಗಳು. ಇಲ್ಲದ ಕಡತವನ್ನು ಯಾರೂ ಕದಿಯಲಾರರು. ಪಾಸ್‌ವರ್ಡ್ ಕದ್ದವನು ಅದನ್ನು ಬಳಸುವ ಮೊದಲೇ ಬದಲಿಸಿಬಿಡಬಹುದು. ಮಗುವಿನ ಹುಟ್ಟಿದ ದಿನಾಂಕವನ್ನು ಬದಲಿಸಲಾಗದು. ತಲುಪಿದ ಕಡತವನ್ನು ಸಕಾಲದಲ್ಲಿ ಅಳಿಸುವುದೂ, ತಿದ್ದುಪಡಿ ಬಂದೊಡನೆ ಅಳವಡಿಸುವುದೂ ಬೀಗದಷ್ಟೇ ಮುಖ್ಯವೆಂಬುದನ್ನು ಈ ಘಟನೆ ತೋರಿಸಿತು.

ಈ ಪಾಠ ದೊಡ್ಡ ಸಂಸ್ಥೆಗಳಿಗೆ ಮಾತ್ರ ಮೀಸಲಲ್ಲ. ಮಕ್ಕಳ ವಿವರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಯಾರು ನೋಡಬಲ್ಲರು ಎಂದು ಪಡೆಯುವವರನ್ನು ವಿನಯದಿಂದಲೇ ಕೇಳುವ ಹಕ್ಕು ಪೋಷಕರಿಗಿದೆ. ಅರ್ಜಿ ಸಲ್ಲಿಸಿ ಹೊರಡುವ ಮುನ್ನ, ಆ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ಅಳಿಸಲು ಹೇಳಿ, ಅಳಿಸಿದ್ದನ್ನು ಕಣ್ಣಾರೆ ಕಂಡು ಬರುವುದು ಎಲ್ಲರಿಗೂ ಸಾಧ್ಯವಾದ ಕಾವಲು.