ಮೈಯಷ್ಟೇ ಸಾಲದು, ಮನಸ್ಸೂ ಅಣಿಯಾಗಲಿ

ಭರತಿಯ ಮೈದಾನದಲ್ಲಿ 1600 ಮೀಟರ್ ಓಡಿ ಗೆದ್ದ ತರುಣನ ಮೈ ಸಿದ್ಧವಾಗಿರುತ್ತದೆ, ಮನಸ್ಸೋ? 1962ರಲ್ಲಿ ನಮ್ಮ ಗೋಲ್ಕೊಂಡದಲ್ಲಿ ಸ್ಥಾಪಿತವಾದ ಫಿರಂಗಿದಳದ ಕೇಂದ್ರದಲ್ಲಿ ತಿಂಗಳುಗಟ್ಟಲೆ ಕಠಿನ ಶಿಕ್ಷಣವು ಕಾದಿರುತ್ತದೆ. ಅಲ್ಲಿಯ ಗದರಿಕೆ ದ್ವೇಷವಲ್ಲ, ಪಾಠ. ಒಬ್ಬನ ತಪ್ಪಿಗೆ ತಂಡವೆಲ್ಲ ದಂಡ ತೆರಬೇಕಾಗುವುದೂ ಉಂಟು. ನಸುಕಿನಲ್ಲೇ ಒಲೆ ಹೊತ್ತಿಸುವ ನಮ್ಮ ಹೋಟೆಲು ಬಂಧುಗಳಿಗೆ ಇಂಥ ಶಿಸ್ತು ಹೊಸದಲ್ಲ.

ಆದರೆ ಇನ್ನೂ ಕಠಿನವಾದ ಸತ್ಯವೊಂದಿದೆ. 2022ರ ಅಗ್ನಿಪಥ ಯೋಜನೆಯಂತೆ ಸೇರಿದ ಸಿಪಾಯಿಗೆ ತರಬೇತಿಯೂ ಸೇರಿ ನಾಲ್ಕೇ ವರ್ಷದ ಸೇವೆ; ಅನಂತರ ಕಾಯಂ ಆಗುವವರು ಶೇಕಡಾ 25ರ ಮಿತಿಯೊಳಗಿನವರು. ಮರಳಿ ಬರುವುದು ಸೋಲಲ್ಲವೆಂಬುದನ್ನು ಮಗನು ಹೊರಡುವ ಮುನ್ನವೇ ಮನೆಯವರೆಲ್ಲರೂ ಮನಗಾಣಬೇಕು. ಆ ಧೈರ್ಯವನ್ನು ಬುತ್ತಿಯಾಗಿ ಕಟ್ಟಿ ಕಳುಹಿಸುವುದು ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.